ಚಿಕ್ಕ ಲ್ಯಾಪ್‌ಟಾಪಿಗೆ ದೊಡ್ಡ ಪರದೆ: ಒಂದು ವಿವೇಚನೆ

ಓದಿಗೆಂದು ಕೊಂಡ ಯಂತ್ರ ಆಟಕ್ಕೆ ಬಳಕೆಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆಟಕ್ಕೆಂದೇ ರೂಪುಗೊಂಡ ಯಂತ್ರ ಓದಿಗೆ ಬಳಕೆಯಾಗುವುದು ಈಚಿನ ವರ್ಷಗಳ ವಿದ್ಯಮಾನ. ನಮ್ಮ ಕಾಸರಗೋಡು ಸೀಮೆಯಿಂದ ಮಂಗಳೂರು, ಕಣ್ಣೂರು, ಬೆಂಗಳೂರುಗಳ ಕಾಲೇಜುಗಳಿಗೆ ಹೋಗುವ ಮಕ್ಕಳಲ್ಲಿ ಹಲವರ ಚೀಲದಲ್ಲಿ ಇಂದು ‘ಗೇಮಿಂಗ್ ಲ್ಯಾಪ್‌ಟಾಪ್’ ಎಂಬ ಹೆಸರಿನ ಗಣಕಯಂತ್ರವಿರುತ್ತದೆ. ಕಟ್ಟಡಗಳ ನಕ್ಷೆ, ಯಂತ್ರಭಾಗಗಳ ಮೂರು ಆಯಾಮದ ಚಿತ್ರ, ವಿಡಿಯೊ ಸಂಕಲನ ಮೊದಲಾದ ಕೆಲಸಗಳಿಗೆ ಸಾಮಾನ್ಯ ಲ್ಯಾಪ್‌ಟಾಪಿನ ಶಕ್ತಿ ಸಾಲದು. ಚಿತ್ರಗಳ ಲೆಕ್ಕಾಚಾರಕ್ಕೆಂದೇ ಪ್ರತ್ಯೇಕವಾದ ಗ್ರಾಫಿಕ್ಸ್ ಪ್ರೊಸೆಸರ್ ಬೇಕು. ಅದು ಇರುವುದು ಆಟದ ಯಂತ್ರಗಳಲ್ಲಿ. ಆದುದರಿಂದ ಅಡಕೆ ಮಾರಿದ ಹಣದಲ್ಲೋ ಬ್ಯಾಂಕಿನ ಸಾಲದಲ್ಲೋ ತಂದೆತಾಯಿಗಳು ಅದನ್ನೇ ಕೊಡಿಸುತ್ತಾರೆ. ‘ಆಟದ ಯಂತ್ರವಂತೆ’ ಎಂದು ಮೂಗು ಮುರಿಯುವ ಹಿರಿಯರು ಈ ಕಾರಣವನ್ನು ಅರಿಯಬೇಕಾಗಿದೆ.

ಮೊದಮೊದಲು ಇಂಥ ಯಂತ್ರಗಳು ಭಾರವಾಗಿದ್ದವು. ಹದಿನೇಳು ಇಂಚಿನ ಪರದೆ, ಮೂರು ಕಿಲೋಗೂ ಮೀರಿದ ತೂಕ. ಬಳಿಕ ಅವು ಕಿರಿದಾಗತೊಡಗಿದವು. 2020ರ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಸ್ ಪ್ರದರ್ಶನದಲ್ಲಿ ಏಸೂಸ್ ಸಂಸ್ಥೆಯು ಪ್ರಕಟಿಸಿದ ಝೆಫೈರಸ್ ಜಿ14 ಎಂಬ ಮಾದರಿ ಈ ದಾರಿಯಲ್ಲಿ ಒಂದು ಮೈಲಿಗಲ್ಲು. 14 ಇಂಚಿನ ಪರದೆ, ಸುಮಾರು 1.6 ಕಿಲೋ ತೂಕ, ಎಂಟು ತಿರುಳುಗಳ ಪ್ರೊಸೆಸರ್, ಜತೆಗೆ ಪ್ರತ್ಯೇಕ ಗ್ರಾಫಿಕ್ಸ್. ಅನಂತರ ಇತರ ಸಂಸ್ಥೆಗಳೂ ಇದೇ ಅಳತೆಯ ಯಂತ್ರಗಳನ್ನು ಹೊರತಂದವು. ಹಾಸ್ಟೆಲಿಗೂ ರೈಲಿಗೂ ಇದು ಅನುಕೂಲ. ಮನೆಗೆ ಬಂದು ಮೇಜಿನ ಮೇಲಿಟ್ಟು ದಿನಕ್ಕೆ ಏಳೆಂಟು ತಾಸು ದುಡಿಯಬೇಕಾದಾಗ ಮಾತ್ರ ಕತ್ತು ಬಾಗುತ್ತದೆ, ಕಣ್ಣು ಕಿರಿದಾಗುತ್ತದೆ. ಈ ಕೊರತೆಗೆ ಪರಿಹಾರವೆಂದರೆ ಹೊರಗಿನಿಂದ ಒಂದು ದೊಡ್ಡ ಮಾನಿಟರನ್ನು ಜೋಡಿಸುವುದು. ಕೇಳಲು ಇದು ಅತಿ ಸರಳ. ಜೋಡಿಸಿದ ಮೇಲೆ ಏಳುವ ಪ್ರಶ್ನೆಗಳು ಅಷ್ಟು ಸರಳವಲ್ಲ.

ಈ ಪ್ರಶ್ನೆಗಳು ನನಗೆ ಎದುರಾದುದು ಪ್ರಸ್ತುತ ಸಂಚಿಕೆಯ ನಿಮಿತ್ತದಿಂದಲೇ. ನಮ್ಮ ಶಾಲೆಯಲ್ಲಿ ಹಿಂದೆ ವರ್ಷಕ್ಕೊಂದರಂತೆ ಹೊರಡುತ್ತಿದ್ದ ಕೈಬರಹದ ಪತ್ರಿಕೆಯನ್ನು ಹಳೆ ವಿದ್ಯಾರ್ಥಿ ಮಿತ್ರರು ಮರೆತಿರಲಾರರು. ಅದರ ಉಳಿದಿರುವ ಸಂಪುಟಗಳನ್ನು ಗಣಕಕ್ಕೆ ಇಳಿಸಿಕೊಡುವ ಕೆಲಸವನ್ನು ಸಂಪಾದಕ ಸಮಿತಿಯು ನನಗೆ ಒಪ್ಪಿಸಿತು. ಹಾಳೆಗಳು ಅಂಚಿನಲ್ಲಿ ಪುಡಿಯಾಗುತ್ತಿವೆ. ಹಲವೆಡೆ ನೀಲಿ ಶಾಯಿ ಮಸುಕಾಗಿ ಬರಿಯ ಗೀರು ಉಳಿದಿದೆ. ಕೆಲವು ಪುಟಗಳನ್ನು ಗೆದ್ದಲು ಅರ್ಧ ಓದಿ ಮುಗಿಸಿದೆ. ಮುಟ್ಟಿ ಮುಟ್ಟಿ ಓದಿದರೆ ಇನ್ನಷ್ಟು ಹಾಳಾಗುವುದರಿಂದ ಪ್ರತಿಯೊಂದು ಪುಟದ ಛಾಯಾಚಿತ್ರ ತೆಗೆದು, ಚಿತ್ರವನ್ನು ನೋಡುತ್ತ ಬೆರಳಚ್ಚು ಮಾಡಬೇಕೆಂದು ನಿಶ್ಚಯಿಸಿದೆವು. ನನ್ನ ಹಳೆಯ ಗಣಕವು ಅಂಥ ಎರಡು ದೊಡ್ಡ ಚಿತ್ರಗಳನ್ನು ತೆರೆಯುವಾಗಲೇ ಏದುಸಿರು ಬಿಡುತ್ತಿತ್ತು. ರಜೆಗೆಂದು ಬಂದಿದ್ದ ನನ್ನ ಅಣ್ಣನ ಮಗಳು ತನ್ನ 14 ಇಂಚಿನ ಗೇಮಿಂಗ್ ಲ್ಯಾಪ್‌ಟಾಪನ್ನು ಮುಂದಿಟ್ಟು, “ಚಿಕ್ಕಪ್ಪ, ಇದರಲ್ಲಿ ಮಾಡಿ. ರಾತ್ರಿ ಒಂಬತ್ತರ ಮೇಲೆ ಮಾತ್ರ ನನಗೆ ಬೇಕು” ಎಂದಳು.

ಯಂತ್ರದ ಶಕ್ತಿಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ಸ್ಥಳದಲ್ಲಿ. ಅರ್ಧ ಪರದೆಯಲ್ಲಿ ಪುಟದ ಚಿತ್ರ, ಇನ್ನರ್ಧದಲ್ಲಿ ಬೆರಳಚ್ಚು ಎಂದಾಗ ಪುಟದ ನಾಲ್ಕು ಸಾಲು ಓದುವಷ್ಟರಲ್ಲಿ ಚಿತ್ರವನ್ನು ಸರಿಸಬೇಕಾಗುತ್ತಿತ್ತು. ಇಂಗ್ಲಿಷಿನ ಬರಹವಾಗಿದ್ದರೆ ಹೇಗೋ ಸಾಗುತ್ತಿತ್ತು. ಕನ್ನಡದ ಸಂಗತಿ ಬೇರೆ.

ಕನ್ನಡ ಲಿಪಿಯ ಬೇಡಿಕೆ

ನಮ್ಮ ಅಕ್ಷರಗಳಲ್ಲಿ ಅರ್ಥಭೇದವು ಬಹುಮಟ್ಟಿಗೆ ಸಣ್ಣ ಗೀರುಗಳಲ್ಲಿ ಅಡಗಿದೆ. ‘ದ’ ‘ಧ’ಗಳಿಗೆ, ‘ಪ’ ‘ಫ’ಗಳಿಗೆ, ‘ಬ’ ‘ಭ’ಗಳಿಗೆ ಇರುವ ವ್ಯತ್ಯಾಸ ಒಂದು ಸೀಳಿನದು, ‘ಧ’ ‘ಥ’ಗಳಿಗೆ ಇರುವುದು ಒಂದು ಚುಕ್ಕೆಯದು. ಅದರ ಮೇಲೆ ಒತ್ತಕ್ಷರಗಳು. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ತ್ರೀ’ ಮುಂತಾದ ಶಬ್ದಗಳಲ್ಲಿ ಎರಡೆರಡು ಒತ್ತುಗಳು ಮೂಲಾಕ್ಷರದ ಕಾಲಬುಡದಲ್ಲಿ ಕುಳಿತಿರುತ್ತವೆ. ಮೂಲಾಕ್ಷರದ ಅರ್ಧದಷ್ಟೂ ಎತ್ತರವಿಲ್ಲದ ಈ ಒತ್ತುಗಳು ಪರದೆಯ ಮೇಲೆ ಎಷ್ಟು ಚುಕ್ಕೆಗಳಲ್ಲಿ ಮೂಡುತ್ತವೆ ಎಂಬುದರ ಮೇಲೆ ಓದುವವರ ನೆಮ್ಮದಿ ನಿಂತಿದೆ.

ಇದನ್ನು ಲೆಕ್ಕದಿಂದ ನೋಡೋಣ. ಪರದೆಯು ಚುಕ್ಕೆಗಳ ಒಂದು ಜಾಲ. ಈ ಚುಕ್ಕೆಗಳನ್ನೇ ಪಿಕ್ಸೆಲ್ ಎನ್ನುತ್ತಾರೆ. ಮುದ್ರಣದ 12 ಪಾಯಿಂಟ್ ಎಂದರೆ ಒಂದು ಇಂಚಿನ ಆರನೆಯ ಒಂದು ಭಾಗ. 24 ಇಂಚಿನ ಸಾಮಾನ್ಯ ಮಾನಿಟರಿನಲ್ಲಿ, ಅಂದರೆ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುವಲ್ಲಿ, ಒಂದು ಇಂಚಿಗೆ ಸುಮಾರು 92 ಚುಕ್ಕೆಗಳು ಬರುತ್ತವೆ. ಆರರಿಂದ ಭಾಗಿಸಿದರೆ 12 ಪಾಯಿಂಟಿನ ಅಕ್ಷರಕ್ಕೆ ದೊರೆಯುವ ಎತ್ತರ ಸುಮಾರು 15 ಚುಕ್ಕೆ. ಅದರೊಳಗೆ ತಲೆಕಟ್ಟು, ಅಕ್ಷರದ ಮೈ, ಒತ್ತು, ಒತ್ತಿನ ಕೆಳಗಣ ಒತ್ತು ಎಲ್ಲವೂ ಅಡಕವಾಗಬೇಕು. ಅದೇ 1920ಕ್ಕೆ 1080 ಚುಕ್ಕೆಗಳನ್ನು 27 ಇಂಚಿನ ಪರದೆಯ ಮೇಲೆ ಹರಡಿದರೆ ಇಂಚಿಗೆ 82 ಮಾತ್ರ. ಅಕ್ಷರಕ್ಕೆ ಹದಿಮೂರೋ ಹದಿನಾಲ್ಕೋ. ದೊಡ್ಡ ಪರದೆ ಎಂದು ಹಿಗ್ಗಿ ತಂದರೆ ಅಕ್ಷರ ಮೊದಲಿಗಿಂತ ಒರಟಾಗಿರುತ್ತದೆ. 2560ಕ್ಕೆ 1440 ಚುಕ್ಕೆಗಳ 27 ಇಂಚಿನಲ್ಲಿ ಇಂಚಿಗೆ 109, ಅಕ್ಷರಕ್ಕೆ 18. 3840ಕ್ಕೆ 2160 ಚುಕ್ಕೆಗಳಿರುವ, ರೂಢಿಯಲ್ಲಿ 4ಕೆ ಎನ್ನುವ 27 ಇಂಚಿನಲ್ಲಿ ಇಂಚಿಗೆ 163, ಅಕ್ಷರಕ್ಕೆ 27. ಈ ಕೊನೆಯ ಪರದೆಯಲ್ಲಿ ‘ರಾಷ್ಟ್ರ’ ಎಂಬುದು ಅಚ್ಚಿನ ಪುಸ್ತಕದಲ್ಲಿರುವಂತೆಯೇ ಕಾಣುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಆ ಪುಟ್ಟ ಲ್ಯಾಪ್‌ಟಾಪಿನ ಪರದೆಯಲ್ಲಿರುವುದು 1920ಕ್ಕೆ 1200 ಚುಕ್ಕೆಗಳು. 14 ಇಂಚಿನಲ್ಲಿ ಅವು ಇಂಚಿಗೆ ಸುಮಾರು 162 ಆಗುತ್ತವೆ. ಅಂದರೆ ಅಕ್ಷರದ ನಯದಲ್ಲಿ ಅದು 4ಕೆ ಮಾನಿಟರಿಗೆ ಸರಿಸಮ. ಕಿರುಪರದೆಯ ದೋಷ ಅಸ್ಪಷ್ಟತೆಯಲ್ಲ, ಇಕ್ಕಟ್ಟು. 14 ಇಂಚು, 27 ಇಂಚು ಎಂಬುವು ಮೂಲೆಯಿಂದ ಮೂಲೆಗೆ ಅಳೆದ ಕರ್ಣದ ಅಳತೆಗಳಾದುದರಿಂದ ‘ಇದರ ಎರಡರಷ್ಟಿಲ್ಲವೇ’ ಎಂದು ತೋರುತ್ತದೆ; ವಿಸ್ತೀರ್ಣವನ್ನು ಗುಣಿಸಿ ನೋಡಿದರೆ 14 ಇಂಚಿನದು ಸುಮಾರು 88 ಚದರ ಇಂಚು, 27 ಇಂಚಿನದು ಸುಮಾರು 311. ಎರಡಲ್ಲ, ಮೂರೂವರೆ ಪಟ್ಟು. ಎಂಟನೆಯ ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವು ಅಂಗಡಿಯಲ್ಲಿ ನಿಂತಾಗ ಹೀಗೆ ಉಪಯೋಗಕ್ಕೆ ಬರುತ್ತದೆ.

ಎತ್ತರವನ್ನೂ ಗಮನಿಸಬೇಕು. ಎ4 ಹಾಳೆಯ ಎತ್ತರ 11.7 ಇಂಚು. 14 ಇಂಚಿನ ಪರದೆಯ ಎತ್ತರ 7.4 ಇಂಚು, ನಿಜವಾದ ಅಳತೆಯಲ್ಲಿ ಹಾಳೆಯ ಮೂರನೆಯ ಎರಡು ಭಾಗವೂ ಹಿಡಿಸದು. 24 ಇಂಚಿನ ಮಾನಿಟರಿನ ಎತ್ತರ 11.8 ಇಂಚು, ಹಾಳೆ ಹಿಡಿಸುತ್ತದೆ, ಆದರೆ ಮೇಲುಗಡೆಯ ಪಟ್ಟಿಗಳಿಗೆ ಸ್ಥಳವುಳಿಯದು. 27 ಇಂಚಿನದು 13.2 ಇಂಚು ಎತ್ತರ, 23.5 ಇಂಚು ಅಗಲ: ಹಾಳೆ ಅಖಂಡವಾಗಿ ಕೂರುತ್ತದೆ, ಪಕ್ಕದಲ್ಲಿ ಇನ್ನೊಂದು ಹಾಳೆಗೂ ಎಡೆಯಿದೆ. ಕೈಬರಹದ ಪತ್ರಿಕೆ ಫುಲ್‌ಸ್ಕೇಪ್ ಹಾಳೆಯದ್ದಾದ ಕಾರಣ ಎ4ಗಿಂತ ಉದ್ದ. ಅದಕ್ಕೆ 27 ಇಂಚೇ ಬೇಕಾಯಿತು. ಎಡಕ್ಕೆ ಮೂಲ ಪುಟ, ಬಲಕ್ಕೆ ಬೆರಳಚ್ಚು, ಕೆಳಗೆ ತೆರೆದಿಟ್ಟ ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ನಿಘಂಟು. ಈ ಏರ್ಪಾಡು ಆದ ದಿನದಿಂದ ಕೆಲಸದ ವೇಗ ಇಮ್ಮಡಿಯಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಮಸುಕಾದ ಒಂದು ಪದವನ್ನು ಹಿಗ್ಗಿಸಿದಾಗಲೂ ಅದರ ಹಿಂದುಮುಂದಿನ ವಾಕ್ಯಗಳು ಕಣ್ಣಮುಂದೆಯೇ ಇರುತ್ತಿದ್ದುದರಿಂದ, ಗೆದ್ದಲು ತಿಂದ ಅಕ್ಷರವನ್ನು ಸಂದರ್ಭದಿಂದ ಊಹಿಸಲು ಸಾಧ್ಯವಾಯಿತು.

ಹಲವು ಮನೆಗಳಲ್ಲಿ ಕೇಳುವ ಪ್ರಶ್ನೆಯೊಂದಿದೆ: ಜಗಲಿಯಲ್ಲಿ 32 ಇಂಚಿನ ಟಿವಿ ಇರುವಾಗ ಮಾನಿಟರೇಕೆ? ಆ ಅಳತೆಯ ಅಗ್ಗದ ಟಿವಿಗಳಲ್ಲಿ ಅನೇಕವು 1366ಕ್ಕೆ 768 ಚುಕ್ಕೆಗಳವು. ಇಂಚಿಗೆ 49; ಅಕ್ಷರಕ್ಕೆ ಎಂಟೇ ಎಂಟು. ಎಂಟು ಅಡಿ ದೂರದಿಂದ ಯಕ್ಷಗಾನ ನೋಡಲು ಅದು ಸಾಕು, ಎರಡಡಿ ದೂರದಲ್ಲಿ ಕುಳಿತು ‘ಶಾಸ್ತ್ರ’ ಓದಲು ಸಾಲದು.

ತಂತಿಯ ವಿಚಾರ

ಮಾನಿಟರನ್ನು ಆರಿಸಿದ ಮೇಲೆ ಅದನ್ನು ಜೋಡಿಸುವ ಬಗೆ. 1987ರಲ್ಲಿ ಐಬಿಎಂ ಸಂಸ್ಥೆ ತಂದ ವಿಜಿಎ ಎಂಬ ನೀಲಿ ತಲೆಯ, ಹದಿನೈದು ರಂಧ್ರಗಳ ಜೋಡಣೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಕಾಣಸಿಗದು. ಈಗಿರುವುವು ಮುಖ್ಯವಾಗಿ ಎರಡು: ಎಚ್‌ಡಿಎಂಐ ಮತ್ತು ಯುಎಸ್‌ಬಿ-ಸಿ. ಮಾನಿಟರಿನ ಕಡೆಯಲ್ಲಿ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದೂ ಇರುತ್ತದೆ.

ಎಚ್‌ಡಿಎಂಐ ಹೊರಗಿನಿಂದ ಒಂದೇ ಆಕಾರ, ಒಳಗೆ ಹಲವು ಪೀಳಿಗೆ. 2009ರ 1.4ನೆಯ ಆವೃತ್ತಿಯು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಸಾಗಿಸಬಲ್ಲುದು. 30 ಸಲ ಎಂದರೆ ಮೌಸಿನ ಬಾಣ ಕೈಯ ಹಿಂದೆ ಎಳೆದಾಡಿದಂತೆ ತೋರುತ್ತದೆ. ಅರ್ಧ ತಾಸಿನಲ್ಲಿ ತಲೆ ಭಾರವಾಗುತ್ತದೆ. 2013ರ 2.0 ಆವೃತ್ತಿ ಅದನ್ನು 60ಕ್ಕೆ ಏರಿಸಿತು. 2017ರ 2.1 ಆವೃತ್ತಿಯಲ್ಲಿ 120ಕ್ಕೂ ಅವಕಾಶವಿದೆ. ಆದರೆ ಪೆಟ್ಟಿಗೆಯ ಮೇಲೆ 2.1 ಎಂದಿದ್ದ ಮಾತ್ರಕ್ಕೆ ಅದರ ಪೂರ್ಣ ಸಾಮರ್ಥ್ಯವಿದೆಯೆಂದು ನಂಬುವಂತಿಲ್ಲ. ಅನೇಕ ಸೌಲಭ್ಯಗಳು ಐಚ್ಛಿಕವೆಂದು ನಿಯಮವೇ ಹೇಳುತ್ತದೆ. ಆದುದರಿಂದ ಆವೃತ್ತಿಯ ಅಂಕಿಯನ್ನು ಕೇಳುವ ಬದಲು, ‘ಇಷ್ಟು ಚುಕ್ಕೆಗಳನ್ನು ಸೆಕೆಂಡಿಗೆ ಎಷ್ಟು ಸಲ ಕೊಡುತ್ತದೆ’ ಎಂದು ಕೇಳುವುದು ಮೇಲು. ಲ್ಯಾಪ್‌ಟಾಪ್, ಕೇಬಲ್, ಮಾನಿಟರ್ ಮೂರರಲ್ಲಿ ಯಾವುದು ದುರ್ಬಲವೋ ಅದರ ಮಿತಿಯೇ ಇಡೀ ಏರ್ಪಾಡಿನ ಮಿತಿ.

ಯುಎಸ್‌ಬಿ-ಸಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಮೇಲಿನಿಂದ ಒಂದೇ ರೀತಿ ಕಾಣುವ ಎರಡು ರಂಧ್ರಗಳಲ್ಲಿ ಒಂದು ಚಿತ್ರವನ್ನು ಕೊಡಬಹುದು, ಇನ್ನೊಂದು ಕೊಡದಿರಬಹುದು. ರಂಧ್ರದ ಬಳಿ ‘ಡಿ’ ಮತ್ತು ‘ಪಿ’ ಅಕ್ಷರಗಳನ್ನು ಸೇರಿಸಿದ ಸಣ್ಣ ಗುರುತೋ ಮಿಂಚಿನ ಗುರುತೋ ಇದೆಯೇ ನೋಡಬೇಕು. ಇಲ್ಲವಾದರೆ ತಯಾರಕರ ಕೈಪಿಡಿಯಲ್ಲಿ ಹುಡುಕಬೇಕು. ಕೇಬಲಿಗೂ ಇದೇ ಮಾತು. ಮೊಬೈಲ್ ಚಾರ್ಜಿಗೆ ಬಂದ ಕೇಬಲುಗಳಲ್ಲಿ ಬಹುತೇಕವು ಚಿತ್ರವನ್ನು ಸಾಗಿಸುವುದಿಲ್ಲ. ‘ಮಾನಿಟರ್ ಕೆಟ್ಟಿದೆ’ ಎಂದು ನನ್ನ ಬಳಿಗೆ ಹೊತ್ತು ತಂದ ನೆರೆಯವರೊಬ್ಬರ ಸಮಸ್ಯೆ ಕೇಬಲ್ ಬದಲಿಸಿದೊಡನೆ ತೀರಿತು.

ಕೆಲವು ಮಾನಿಟರುಗಳು ಒಂದೇ ಯುಎಸ್‌ಬಿ-ಸಿ ಕೇಬಲಿನಲ್ಲಿ ಚಿತ್ರವನ್ನು ಪಡೆದು ಅದರಲ್ಲೇ ಲ್ಯಾಪ್‌ಟಾಪಿಗೆ ವಿದ್ಯುತ್ತನ್ನೂ ಕೊಡುತ್ತವೆ. ಸಾಮಾನ್ಯ ಲ್ಯಾಪ್‌ಟಾಪಿಗೆ ಇದು ವರದಾನ. ಗೇಮಿಂಗ್ ಯಂತ್ರಕ್ಕೆ ಅರೆಪಾಲು. ಮಾನಿಟರ್ ಕೊಡುವುದು 65 ಅಥವಾ 90 ವಾಟ್. ಮೊದಲು ಹೇಳಿದ ಜಿ14ರ ಅಡಾಪ್ಟರ್ 180 ವಾಟಿನದು. ಬೆರಳಚ್ಚಿಗೆ 65 ಸಾಕು. ಗ್ರಾಫಿಕ್ಸ್ ಪ್ರೊಸೆಸರ್ ಪೂರ್ಣ ದುಡಿಮೆಗೆ ಇಳಿದರೆ ಯಂತ್ರ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಇಲ್ಲವೇ ಚಾರ್ಜಿನಲ್ಲಿದ್ದರೂ ಬ್ಯಾಟರಿ ಕರಗುತ್ತ ಹೋಗುತ್ತದೆ. ಭಾರದ ಕೆಲಸಕ್ಕೆ ಯಂತ್ರದ ಜತೆಗೆ ಬಂದ ಅಡಾಪ್ಟರನ್ನೇ ಬಳಸತಕ್ಕದ್ದು.

ಜೋಡಿಸಿದ ಮೇಲೆ ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ‘ಪಿ’ ಅಕ್ಷರವನ್ನು ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ಎರಡು ಪರದೆಗಳಲ್ಲಿಯೂ ಒಂದೇ ಚಿತ್ರ ಬರುವ ‘ಡುಪ್ಲಿಕೇಟ್’ ಆಯ್ಕೆಯನ್ನು ಸಭೆಗಳಿಗೆ ಬಿಟ್ಟುಬಿಡಿ. ಎರಡಕ್ಕೂ ಹೊಂದುವ ಒಂದು ಅಳತೆಗೆ ಚಿತ್ರವನ್ನು ತಗ್ಗಿಸುವುದರಿಂದ ದುಡ್ಡು ಕೊಟ್ಟು ತಂದ ಮಾನಿಟರಿನ ನಯವೆಲ್ಲ ಹೋಗುತ್ತದೆ. ‘ಎಕ್ಸ್‌ಟೆಂಡ್’ ಎಂಬುದೇ ನಮಗೆ ಬೇಕಾದುದು. ಬಳಿಕ ಸೆಟ್ಟಿಂಗ್‌ನಲ್ಲಿ ‘ಸ್ಕೇಲ್’ ಎಂಬುದನ್ನು ನೋಡಬೇಕು. 14 ಇಂಚಿನ ಪರದೆಗೂ 27 ಇಂಚಿನ 4ಕೆ ಪರದೆಗೂ ಚುಕ್ಕೆಗಳ ಸಾಂದ್ರತೆ ಒಂದೇ ಆದುದರಿಂದ ಎರಡಕ್ಕೂ 150 ಎಂದಿಟ್ಟರೆ, ಒಂದರಿಂದ ಇನ್ನೊಂದಕ್ಕೆ ಎಳೆದ ಕಿಟಕಿ ಹಿಗ್ಗದೆ ಕುಗ್ಗದೆ ಹಾಗೆಯೇ ಸಾಗುತ್ತದೆ. ಸಾಂದ್ರತೆ ಬೇರೆಬೇರೆಯಾದಲ್ಲಿ ಕೆಲವು ಹಳೆಯ ತಂತ್ರಾಂಶಗಳ ಅಕ್ಷರ ಮಂಜಾಗುವುದುಂಟು. ‘ರಿಫ್ರೆಷ್ ರೇಟ್’ ಎಂಬಲ್ಲಿ ಮಾನಿಟರಿಗೆ ಶಕ್ತಿಯಿದ್ದರೂ 60 ಎಂದೇ ನಿಂತಿರುವುದು ಸಾಮಾನ್ಯ. 144ರ ಮಾನಿಟರಿಗೆ ಹಣ ತೆತ್ತು 60ರಲ್ಲಿ ಬಳಸುವವರು ಬಹುಮಂದಿ. ನಮ್ಮ ಕೇರಳದ ಶಾಲೆಗಳ ಗಣಕಶಿಕ್ಷಣವು ಸ್ವತಂತ್ರ ತಂತ್ರಾಂಶವನ್ನು ಆಶ್ರಯಿಸಿರುವುದರಿಂದ ಲಿನಕ್ಸ್ ಬಳಸುವ ಮಕ್ಕಳೂ ನಮ್ಮಲ್ಲಿದ್ದಾರೆ. ಅಲ್ಲಿಯೂ ಇವೇ ಆಯ್ಕೆಗಳು ‘ಡಿಸ್‌ಪ್ಲೇ’ ಎಂಬ ಶೀರ್ಷಿಕೆಯಡಿ ದೊರೆಯುತ್ತವೆ.

ಎರಡು ಮೆದುಳು, ಒಂದು ಮನೆ

ಇನ್ನು ಆಟದ ವಿಷಯ. ಇದನ್ನು ನನಗೆ ತಿಳಿಸಿದವಳು ಅಣ್ಣನ ಮಗಳೇ. ಈ ಭಾಗದಲ್ಲಿ ನಾನು ಅವಳ ವಿದ್ಯಾರ್ಥಿ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಪ್ರೊಸೆಸರುಗಳಿರುತ್ತವೆ: ಮುಖ್ಯ ಪ್ರೊಸೆಸರಿನ ಒಡಲಲ್ಲೇ ಇರುವ ಮಿತವ್ಯಯಿ ಒಂದು, ಪ್ರತ್ಯೇಕವಾದ ಬಲಶಾಲಿ ಇನ್ನೊಂದು. ಎನ್‌ವಿಡಿಯಾ ಸಂಸ್ಥೆಯು 2010ರಲ್ಲಿ ‘ಆಪ್ಟಿಮಸ್’ ಎಂಬ ಹೆಸರಿನಲ್ಲಿ ತಂದ ವ್ಯವಸ್ಥೆಯಲ್ಲಿ ಲ್ಯಾಪ್‌ಟಾಪಿನ ಪರದೆ ಮಿತವ್ಯಯಿಗೆ ಜೋಡಣೆಯಾಗಿರುತ್ತದೆ. ಬಲಶಾಲಿಯು ಬರೆದ ಚಿತ್ರವನ್ನು ಮಿತವ್ಯಯಿಗೆ ನಕಲು ಮಾಡಿಕೊಟ್ಟು, ಅದರ ಮೂಲಕ ಪರದೆಗೆ ಕಳುಹಿಸಬೇಕು. ಕೆಲಸವಿಲ್ಲದಾಗ ಬಲಶಾಲಿ ನಿದ್ರಿಸುತ್ತದೆ, ಬ್ಯಾಟರಿ ಉಳಿಯುತ್ತದೆ. ಕೆಲಸವಿದ್ದಾಗ ಈ ಸುತ್ತುದಾರಿಯಿಂದ ಅಲ್ಪ ವೇಗ ನಷ್ಟವಾಗುತ್ತದೆ. ಈ ಸುತ್ತನ್ನು ತಪ್ಪಿಸುವ ಸ್ವಿಚ್ಚು ಹೊಸ ಯಂತ್ರಗಳಲ್ಲಿ ಹಲವಕ್ಕೆ ಇದೆ.

ಹೊರಗಿನ ಮಾನಿಟರಿನ ರಂಧ್ರವು ಯಾವುದಕ್ಕೆ ಜೋಡಣೆಯಾಗಿದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ನೇರವಾಗಿ ಬಲಶಾಲಿಗೇ ಜೋಡಣೆಯಾಗಿದ್ದರೆ ಆಟವು ಲ್ಯಾಪ್‌ಟಾಪಿನ ಪರದೆಗಿಂತ ಹೊರಗಿನ ಪರದೆಯಲ್ಲಿ ಚುರುಕಾಗುವುದುಂಟು. ಆದರೆ ಆ ರಂಧ್ರದಲ್ಲಿ ಕೇಬಲ್ ಇರುವಷ್ಟು ಹೊತ್ತೂ ಬಲಶಾಲಿ ಎಚ್ಚರವಾಗಿರಬೇಕಾಗುತ್ತದೆ. ಬರಿಯ ಬೆರಳಚ್ಚು ಮಾಡುತ್ತಿದ್ದರೂ ಯಂತ್ರ ಬಿಸಿಯಾಗುವುದೂ ಫ್ಯಾನು ಗುಂಯ್‌ಗುಡುವುದೂ ಇದರಿಂದಲೇ. ಯಾವ ರಂಧ್ರ ಯಾವುದಕ್ಕೆ ಎಂದು ತಿಳಿಯಲು ಎನ್‌ವಿಡಿಯಾದ ‘ಕಂಟ್ರೋಲ್ ಪ್ಯಾನೆಲ್’ನಲ್ಲಿ ‘ಫಿಸ್‌ಎಕ್ಸ್’ ಎಂಬ ಪುಟವನ್ನು ತೆರೆದರೆ ಸಾಕು. ಪರದೆಗಳು ಎಲ್ಲೆಲ್ಲಿ ಸೇರಿವೆ ಎಂಬ ಚಿತ್ರವೇ ಅಲ್ಲಿರುತ್ತದೆ. ಹೀಗೆ ನೋಡಿದ ಬಳಿಕ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಯಿತು: ಹಗಲು ನನ್ನ ಬೆರಳಚ್ಚಿಗೆ ಮಿತವ್ಯಯಿಯ ರಂಧ್ರ, ರಾತ್ರಿ ಅವಳ ಆಟಕ್ಕೆ ಬಲಶಾಲಿಯ ರಂಧ್ರ. ಎರಡು ಕೇಬಲುಗಳ ಬೆಲೆ ತೆತ್ತರೂ ಹಗಲಿನ ಮೌನವು ಅದಕ್ಕೆ ತಕ್ಕುದೆಂದು ನನ್ನ ಅಭಿಪ್ರಾಯ.

ಪರದೆ ದೊಡ್ಡದಾದರೆ ಆಟದ ಭಾರವೂ ಏರುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಬೇಕಾಗಿಲ್ಲ, ಕೊಡಿಸುವವರಿಗೆ ಹೇಳಬೇಕು. 1080ರ ಪರದೆಯಲ್ಲಿ ಪ್ರತಿಸಲ ಬರೆಯಬೇಕಾದ ಚುಕ್ಕೆಗಳು ಸುಮಾರು 20.7 ಲಕ್ಷ, 1440ರಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪುಟ್ಟ ಒಡಲಿನ ಪ್ರೊಸೆಸರಿಗೆ 4ಕೆ ಆಟ ಬಹಳ ಸಲ ಹೊರೆ. ಆದರೂ 4ಕೆಯನ್ನೇ ನಾನು ಆರಿಸಿದುದಕ್ಕೆ ಒಂದು ಗಣಿತದ ಆಧಾರವಿದೆ. 4ಕೆ ಎಂಬುದು 1080ರ ಸರಿಯಾಗಿ ಇಮ್ಮಡಿ ಅಗಲ, ಇಮ್ಮಡಿ ಎತ್ತರ. ಆಟವನ್ನು 1080ರಲ್ಲಿ ನಡೆಸಿದರೆ ಅದರ ಒಂದೊಂದು ಚುಕ್ಕೆಯನ್ನು ಇಲ್ಲಿಯ ನಾಲ್ಕು ಚುಕ್ಕೆಗಳಿಗೆ ಶೇಷವಿಲ್ಲದೆ ಹಂಚಬಹುದು. 1440ರ ಪರದೆಯಲ್ಲಿ 1080ರ ಆಟ ನಡೆಸಿದರೆ ಒಂದು ಚುಕ್ಕೆಗೆ ಒಂದೂ ಮೂರನೆಯ ಒಂದು ಚುಕ್ಕೆ ಎಂದಾಗಿ, ಹಂಚಲಾಗದೆ ಅಂಚುಗಳು ಕದಡುತ್ತವೆ. ಕಡಿಮೆ ಚುಕ್ಕೆಗಳ ಚಿತ್ರವನ್ನು ಜಾಣ್ಮೆಯಿಂದ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಮುಂತಾದ ವಿಧಾನಗಳು ಬಂದಮೇಲೆ ಈ ಕಷ್ಟ ಇನ್ನಷ್ಟು ತಗ್ಗಿದೆ. ಆಟವೇ ಮುಖ್ಯವಾಗಿದ್ದು ಓದು ಅಲ್ಪವಾಗಿರುವಲ್ಲಿ 1440ರ ವೇಗದ ಮಾನಿಟರೇ ತಕ್ಕುದು, ಹಣವೂ ಉಳಿಯುತ್ತದೆ.

ನಮ್ಮ ಹವೆ, ನಮ್ಮ ಸಿಡಿಲು

ತಯಾರಕರ ಕೈಪಿಡಿಗಳು ನಮ್ಮ ಕರಾವಳಿಯನ್ನು ಕಂಡು ಬರೆದವಲ್ಲ. ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿ, ಮಾನಿಟರಿನಲ್ಲಿ ಮಾತ್ರ ಕೆಲಸ ಮಾಡಬಹುದು. ‘ಮುಚ್ಚಿದಾಗ ಏನೂ ಮಾಡಬೇಡ’ ಎಂಬ ಸೂಚನೆ ಕೊಟ್ಟರೆ ಯಂತ್ರ ನಡೆಯುತ್ತಲೇ ಇರುತ್ತದೆ. ಆದರೆ ಪುಟ್ಟ ಗೇಮಿಂಗ್ ಯಂತ್ರಗಳಲ್ಲಿ ಹಲವು ಕೀಲಿಮಣೆಯ ಸಂದುಗಳಿಂದಲೂ ಗಾಳಿ ಎಳೆಯುತ್ತವೆ. ಕೆಲವು ಬಿಸಿಗಾಳಿಯನ್ನು ಮುಚ್ಚಳದ ಕೀಲಿನ ಬಳಿ ಹೊರಬಿಡುತ್ತವೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಮುಚ್ಚಳ ಮುಚ್ಚಿ ಭಾರದ ಕೆಲಸ ಮಾಡಿಸುವುದು ಯಂತ್ರಕ್ಕೆ ಹಿತವಲ್ಲ. ಮುಚ್ಚಳ ತೆರೆದೇ ಇಟ್ಟು, ಹಿಂಬದಿಯನ್ನು ಎರಡು ಇಂಚು ಎತ್ತಿ ಇಡುವುದು ಲೇಸು. ಇದಕ್ಕೆ ವಿಶೇಷ ಪೀಠ ಬೇಕೆಂದಿಲ್ಲ. ನಮ್ಮಲ್ಲಿ ಮರದ ಎರಡು ತುಂಡುಗಳಿವೆ. ಸದಾ ಚಾರ್ಜಿನಲ್ಲೇ ಇರುವ ಯಂತ್ರದ ಬ್ಯಾಟರಿ ನೂರಕ್ಕೆ ನೂರು ತುಂಬಿಕೊಂಡು ಬಿಸಿಯಲ್ಲಿ ಕುಳಿತರೆ ಬೇಗ ಮುದಿಯಾಗುತ್ತದೆ. 80ಕ್ಕೆ ನಿಲ್ಲಿಸುವ ಆಯ್ಕೆ ಹೆಚ್ಚಿನ ಯಂತ್ರಗಳಲ್ಲಿದೆ. ಮೇಜಿನ ಮೇಲಿರುವಾಗ ಅದನ್ನು ಬಳಸಬೇಕು.

ಲ್ಯಾಪ್‌ಟಾಪಿಗೆ ಬ್ಯಾಟರಿಯಿದೆ, ಮಾನಿಟರಿಗಿಲ್ಲ. ಕರೆಂಟು ಹೋದೊಡನೆ ದೊಡ್ಡ ಪರದೆ ಕಪ್ಪಾಗುತ್ತದೆ, ಅಲ್ಲಿದ್ದ ಕಿಟಕಿಗಳು ಚಿಕ್ಕ ಪರದೆಯ ಮೇಲೆ ಒಂದರ ಮೇಲೊಂದು ಬಂದು ಬೀಳುತ್ತವೆ. ಗಾಬರಿ ಬೇಡ, ಬರೆದುದು ಹೋಗಿರುವುದಿಲ್ಲ. ಮಾನಿಟರು ಎಳೆಯುವುದು ಒಂದು ಸಾಧಾರಣ ಬಲ್ಬಿನಷ್ಟು ವಿದ್ಯುತ್ತಾದುದರಿಂದ ಮನೆಯ ಇನ್ವರ್ಟರಿಗೆ ಅದು ಭಾರವಲ್ಲ. ಲೋಹದ ಮೈಯ ಲ್ಯಾಪ್‌ಟಾಪನ್ನು ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ಪ್ಲಗ್ಗಿಗೆ ಭೂಸಂಪರ್ಕ ಸರಿಯಿಲ್ಲವೆಂದು ತಿಳಿಯಬೇಕು. ಹಳೆಯ ಮನೆಗಳಲ್ಲಿ ಇದು ಬಹಳ. ವಿದ್ಯುತ್ ಕೆಲಸದವರಿಂದ ಮೂರನೆಯ ಕಾಲಿನ ತಂತಿಯನ್ನು ಪರೀಕ್ಷಿಸಿಕೊಳ್ಳುವುದು ಕರ್ತವ್ಯ.

ಸಿಡಿಲಿನದು ಇನ್ನೂ ಗಂಭೀರ. ಮೇ ತಿಂಗಳ ಮತ್ತು ತುಲಾ ತಿಂಗಳ ಸಂಜೆಗಳು ಹೇಗಿರುತ್ತವೆಂದು ನಮ್ಮೂರಿನವರಿಗೆ ವಿವರಿಸಬೇಕಾಗಿಲ್ಲ. ಮಾನಿಟರ್ ಮತ್ತು ಲ್ಯಾಪ್‌ಟಾಪ್ ಕೇಬಲಿನಿಂದ ಸೇರಿರುವಾಗ, ಲ್ಯಾಪ್‌ಟಾಪಿನ ಪ್ಲಗ್ ಒಂದನ್ನೇ ಕಿತ್ತರೆ ಸಾಲದು. ಮಾನಿಟರಿನ ಮೂಲಕ ಬಂದ ಹೊಡೆತ ಕೇಬಲಿನಲ್ಲಿ ಹರಿದು ಲ್ಯಾಪ್‌ಟಾಪನ್ನೂ ಸುಡಬಲ್ಲುದು. ಮೂಡಣದಲ್ಲಿ ಗುಡುಗಿದಾಕ್ಷಣ ಮಾನಿಟರಿನ ಪ್ಲಗ್, ಇಂಟರ್ನೆಟ್ಟಿನ ತಂತಿ, ನಡುವಣ ಕೇಬಲ್ ಮೂರನ್ನೂ ಕಳಚುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು. ಸ್ವಿಚ್ಚು ಆರಿಸುವುದು ಕಳಚಿದಂತಲ್ಲ.

ಕೂರುವ ಬಗೆಯನ್ನು ಕುರಿತು ಎರಡು ಮಾತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ದೂರ ಒಂದು ತೋಳಿನಷ್ಟು ಎಂಬುದು ಸಾಮಾನ್ಯ ನಿಯಮ. ಆದರೆ ಈ ನಿಯಮ ಕನ್ನಡಕವಿಲ್ಲದವರದು. ನಮ್ಮ ಶಾಲೆಯ ಮೊದಮೊದಲ ತಂಡಗಳ ಮಿತ್ರರೆಲ್ಲ ಈಗ ಎರಡು ನೋಟದ ಕನ್ನಡಕ ಧರಿಸುವ ವಯಸ್ಸಿನವರು. ಹತ್ತಿರದ ನೋಟ ಗಾಜಿನ ಕೆಳಭಾಗದಲ್ಲಿರುವುದರಿಂದ ಅವರು ಗದ್ದವೆತ್ತಿ ಪರದೆಯನ್ನು ನೋಡುತ್ತಾರೆ. ಸಂಜೆಗೆ ಕತ್ತು ಹಿಡಿಯುತ್ತದೆ. ಅಂಥವರು ಮಾನಿಟರನ್ನು ಇನ್ನೂ ನಾಲ್ಕಾರು ಬೆರಳು ತಗ್ಗಿಸಿ, ತುಸು ಹಿಂದಕ್ಕೆ ಓರೆಮಾಡಿ ಇಡಬೇಕು. ಎತ್ತರ ತಗ್ಗಿಸಲಾಗದ ಪೀಠದ ಮಾನಿಟರನ್ನು ಅವರು ಕೊಳ್ಳದಿರುವುದೇ ಕ್ಷೇಮ. ಕೀಲಿಮಣೆ ಮತ್ತು ಮೌಸ್ ಬೇರೆಯಾಗಿರಲಿ. ಲ್ಯಾಪ್‌ಟಾಪಿನ ಕೀಲಿಗಳನ್ನೇ ಒತ್ತುತ್ತ ದೂರದ ಪರದೆಯನ್ನು ನೋಡುವುದು ಎರಡೂ ಕಡೆಯ ಕಷ್ಟವನ್ನು ಒಟ್ಟಿಗೆ ತಂದಂತೆ. ಕೀಲಿಮಣೆಯ ಮೇಲೆ ಕನ್ನಡ ಅಕ್ಷರಗಳು ಅಚ್ಚಾಗಿರಬೇಕೆಂದಿಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನವನ್ನು ಬಲ್ಲವರು ಕೆಲವೇ ದಿನಗಳಲ್ಲಿ ಕನ್ನಡವನ್ನು ನಿರಾಯಾಸವಾಗಿ ಒತ್ತಬಹುದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿಗಾಚೆಗಿನ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುತ್ತಾರೆ. ತೋಟದ ಕಡೆಗೆ ಕಿಟಕಿಯಿರುವ ಮನೆಗಳಲ್ಲಿ ಇದು ಕಷ್ಟದ ವ್ರತವಲ್ಲ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಮಾನಿಟರಿಗೆ ತಮ್ಮದೇ ಲ್ಯಾಪ್‌ಟಾಪನ್ನು ಜೋಡಿಸಿ, ಕನ್ನಡದ ಒಂದು ಪುಟ ತೆರೆದು ಓದಿ ನೋಡುವುದು ಅವಶ್ಯ. ಅಲ್ಲಿ ಓಡಿಸಿ ತೋರಿಸುವ ಹೂವು, ಜಲಪಾತಗಳ ಚಿತ್ರ ಎಲ್ಲ ಪರದೆಗಳಲ್ಲೂ ಚೆನ್ನಾಗಿಯೇ ಇರುತ್ತದೆ. ಕಂಪನಿಗಳ ಕಚೇರಿಗಳಿಂದ ಬಂದ ಬಳಸಿದ ಮಾನಿಟರುಗಳು ನಗರಗಳಲ್ಲಿ ಅಗ್ಗವಾಗಿ ಸಿಗುತ್ತವೆ. ಇಡೀ ಪರದೆಯನ್ನು ಒಮ್ಮೆ ಬಿಳಿ, ಒಮ್ಮೆ ಕಪ್ಪು ಮಾಡಿ, ಸತ್ತ ಚುಕ್ಕೆಗಳೂ ಅಂಚಿನ ಮಂಕೂ ಇವೆಯೇ ಎಂದು ಪರೀಕ್ಷಿಸಿದರೆ ಅವೂ ಯೋಗ್ಯವೇ. ಹಿಂಬದಿಯಲ್ಲಿ 100 ಮಿಲಿಮೀಟರ್ ಅಂತರದ ನಾಲ್ಕು ಸ್ಕ್ರೂ ರಂಧ್ರಗಳಿದ್ದರೆ ಮುಂದೆ ಗೋಡೆಗೋ ಮೇಜಿನ ತೋಳಿಗೋ ಕಟ್ಟಲು ಬರುತ್ತದೆ.

ಅಣ್ಣನ ಮಗಳು ರಜೆ ಮುಗಿಸಿ ಲ್ಯಾಪ್‌ಟಾಪಿನೊಂದಿಗೆ ಕಾಲೇಜಿಗೆ ಮರಳಿದ್ದಾಳೆ. ಮಾನಿಟರನ್ನು ಶಾಲೆಯ ಗ್ರಂಥಾಲಯದ ಮೂಲೆಯ ಮೇಜಿನ ಮೇಲೆ ಇರಿಸಿದ್ದೇವೆ. ಎಚ್‌ಡಿಎಂಐ, ಯುಎಸ್‌ಬಿ-ಸಿ ಎರಡು ಕೇಬಲುಗಳೂ ಪಕ್ಕದ ಮೊಳೆಗೆ ತೂಗಿಸಿವೆ. ಕೀಲಿಮಣೆ ಮೇಜಿನ ಸೆಳೆಖಾನೆಯಲ್ಲಿದೆ. ಕೈಬರಹದ ಪತ್ರಿಕೆಯ ನಾಲ್ಕು ಸಂಪುಟಗಳು ಇನ್ನೂ ಬೆರಳಚ್ಚಾಗಬೇಕಾಗಿದ್ದು, ಅವುಗಳ ಛಾಯಾಚಿತ್ರಗಳು ಮುಖ್ಯೋಪಾಧ್ಯಾಯರ ಬಳಿಯಿವೆ. ರಜೆಯಲ್ಲಿ ಊರಿಗೆ ಬರುವ ಹಳೆ ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪನ್ನು ತಂದು ಅಲ್ಲಿ ಕುಳಿತುಕೊಳ್ಳಬಹುದು. ಎಡಗಡೆಯ ಪ್ಲಗ್ ಪಾಯಿಂಟಿಗೆ ಭೂಸಂಪರ್ಕವಿದೆ, ಬಲಗಡೆಯದನ್ನು ಬಳಸಬಾರದು.